ಎಲ್ಲ ಮಕ್ಕಳಿಗೂ ಒಂದೇ ಅಳತೆ ಬೇಡ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಮೇಷ್ಟ್ರುಗಳಾದ ನಮ್ಮನ್ನೂ ನೆನೆದು ಕರೆದಿದ್ದೀರಿ. ಹಾಲಿನ ಲೆಕ್ಕ ನಮಗೆ ಅಷ್ಟಾಗಿ ಗೊತ್ತಿಲ್ಲ. ಗೊತ್ತಿರುವುದು ಮಕ್ಕಳ ವಿಷಯ. ಅದನ್ನೇ ಎರಡು ಮಾತಿನಲ್ಲಿ ಹೇಳುತ್ತೇವೆ.

ನಿಮ್ಮ ಕೊಟ್ಟಿಗೆಯಲ್ಲಿ ಕರುವಿಗೂ, ಹಾಲು ಕೊಡುವ ಹಸುವಿಗೂ, ಗಬ್ಬದ ಹಸುವಿಗೂ ಒಂದೇ ಅಳತೆ ಹಿಂಡಿ-ಬೂಸಾ ಹಾಕ್ತೀರಾ? ಇಲ್ಲ. ಯಾವುದಕ್ಕೆ ಏನು ಬೇಕು ಅಂತ ಮನೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಆದರೆ ಶಾಲೆಯಲ್ಲಿ ನಾವು ನಲವತ್ತು ಮಕ್ಕಳಿಗೂ ಒಂದೇ ಪಾಠ, ಒಂದೇ ವೇಗ, ಒಂದೇ ಬೆತ್ತ ಅಂತ ಬಹಳ ಕಾಲ ನಡೆಸಿಕೊಂಡು ಬಂದೆವು.

ಒಂದು ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಎತ್ತರ ಇದ್ದಾನೆ ಅಂತ ಹಿಂದಿನ ಸಾಲಿನಲ್ಲಿ ಕೂರಿಸಿದೆವು. ಬೋರ್ಡಿನ ಮೇಲಿರುವುದನ್ನು ಬರೆಯೋ ಅಂದರೆ ಪಕ್ಕದವನ ಪುಸ್ತಕ ನೋಡುತ್ತಿದ್ದ. ಕದ್ದು ಬರೀತಾನೆ ಅಂತ ಹೊಡೆದೆವು, ದಡ್ಡ ಅಂದೆವು. ಬಾಯಿಲೆಕ್ಕದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಅದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ. ಎಷ್ಟೋ ವರ್ಷದ ಮೇಲೆ ಊರಿಗೆ ಕಣ್ಣಿನ ಶಿಬಿರ ಬಂತು. ಕನ್ನಡಕ ಹಾಕಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದವನು, "ಸಾರ್, ಬೋರ್ಡಿನ ಮೇಲೆ ಅಕ್ಷರ ಇರ್ತಿದ್ವಾ? ನಂಗೆ ಬರೀ ಬಿಳಿ ಗೆರೆ ಕಾಣಿಸ್ತಿದ್ವು" ಅಂದ. ಕೋಪದಿಂದಲ್ಲ, ನಗುತ್ತಲೇ ಅಂದ. ನಮಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಒಂದೇ ಅಳತೆ ಬೇಡ ಎನ್ನುವುದು ಹೊಸ ಮಾತೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಪದ್ಧತಿ ನೋಡಿಬಂದ ನಮ್ಮಂಥ ಸರ್ಕಾರಿ ಮೇಷ್ಟ್ರುಗಳೇ ಅದನ್ನು ಕಟ್ಟಿದರು. ಕಾರ್ಡು, ಕಲಿಕೆಯ ಏಣಿ. ಪ್ರತಿ ಮಗು ತನ್ನ ಮೆಟ್ಟಿಲನ್ನು ತಾನೇ ಹತ್ತುತ್ತದೆ. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಆದರೆ ಮೂರನೇ ತರಗತಿ ದಾಟಿದ ಮೇಲೆ ಆ ಏಣಿ ಇಲ್ಲ.

ಇನ್ನು ಕೆಲವು ಮಕ್ಕಳಿಗೆ ಕಣ್ಣು ಸರಿಯಿರುತ್ತದೆ, ಬುದ್ಧಿಯೂ ಚುರುಕು. ಓದಲು ಕೂತರೆ ಮಾತ್ರ ಅಕ್ಷರ ತಡವರಿಸುತ್ತದೆ. ಇದು ಸೋಮಾರಿತನವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ಬಗೆಗಳಲ್ಲಿ ಈ ಕಲಿಕೆಯ ತೊಂದರೆಯೂ ಒಂದು. ವೈದ್ಯರ ಪ್ರಮಾಣಪತ್ರವಿದ್ದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮುಂತಾದ ರಿಯಾಯಿತಿ ಕೇಳಬಹುದು. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗದು, ಮೊದಲೇ ಮಾಡಿಸಬೇಕು.

ಈಗ ಸಂಘಕ್ಕೆ ನಮ್ಮ ಅರಿಕೆ. ಪ್ರತಿ ವರ್ಷ ಹೆಚ್ಚು ಅಂಕ ತೆಗೆದ ಮೂವರಿಗೆ ಬಹುಮಾನ ಕೊಡುತ್ತಾ ಬಂದಿದ್ದೀರಿ. ಬಹಳ ಸಂತೋಷ, ಅದು ನಿಲ್ಲುವುದು ಬೇಡ. ಆದರೆ ಅದೇ ನಿಧಿಯ ಒಂದು ಪಾಲನ್ನು ಉಳಿದ ಮಕ್ಕಳಿಗೂ ಇಡಿ.

ಮೊದಲನೆಯದು, ಕಣ್ಣು-ಕಿವಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲಾ ಮಕ್ಕಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡುವ ವ್ಯವಸ್ಥೆಯಿದೆ. ಆ ದಿನ ಬಾರದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ಬಸ್ ಚಾರ್ಜು ಸಂಘದ್ದಾಗಲಿ. ಎರಡನೆಯದು, ಸಂಜೆ ಹಾಲು ಹಾಕುವ ಹೊತ್ತು ಮುಗಿದ ಮೇಲೆ ಸಂಘದ ಕಟ್ಟಡದಲ್ಲಿ ಒಂದು ಗಂಟೆ ದೀಪ ಉರಿಯಲಿ. ಹಿಂದೆ ಬಿದ್ದ ಮಕ್ಕಳಿಗೆ ನಾವು ನಿವೃತ್ತರು ಬಂದು ಓದಿಸುತ್ತೇವೆ, ಸಂಬಳ ಬೇಡ. ಮೂರನೆಯದು, ತಮಟೆ ಬಾರಿಸುವ, ಚಿತ್ರ ಬರೆಯುವ, ಜೇಡಿಮಣ್ಣಿನಲ್ಲಿ ಬಸವಣ್ಣನನ್ನು ಮಾಡುವ ಮಕ್ಕಳನ್ನು ಪ್ರತಿಭಾ ಕಾರಂಜಿಗೆ ಕಳಿಸಲು ಕೈಹಿಡಿಯಿರಿ. ಆ ಮಗುವಿನ ಹೆಸರನ್ನೂ ವಾರ್ಷಿಕ ಸಭೆಯಲ್ಲಿ ಕೂಗಿ.

ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎನ್ನುವುದು ಸಹಕಾರದ ಮಾತಲ್ಲವೇ? ಆ ಹಿಂದಿನ ಸಾಲಿನ ಹುಡುಗ ಇಂದು ನಮ್ಮ ಸಂಘದ ಸದಸ್ಯ. ಈ ಸಭೆಯಲ್ಲೇ ಎಲ್ಲೋ ಕೂತಿದ್ದಾನೆ. ಹೆಸರು ಹೇಳುವುದಿಲ್ಲ. ಅವನ ಮಗಳು ಈಗ ನಾಲ್ಕನೇ ಕ್ಲಾಸು. ನಾವು ಮಾಡಿದ ತಪ್ಪು ಅವಳ ಪಾಲಿಗೆ ಬಾರದಿರಲಿ ಎಂದು ಬೇಡಿಕೊಂಡು, ಸಂಘಕ್ಕೆ ಶುಭ ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.