ಸ್ವಲ್ಪ ಅಡ್ಜಸ್ಟ್ ಮಾಡ್ಕೋಮ್ಮ

(ಮುಳಬಾಗಿಲಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳು)



ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ನಾನು. ಇವತ್ತು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡಿ ಕೂತುಬಿಡುತ್ತೇನೆ. ಹೆದರಬೇಡಿ, ಶಾಲೆಯ ಮೆಟ್ಟಿಲು ಹತ್ತದ ನಮ್ಮಮ್ಮನಿಗೂ ಅದು ಗೊತ್ತಿತ್ತು. ಅಡ್ಜಸ್ಟ್.

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲು ಮಾಲೂರಿಗೆ ಬರುವ ಹೊತ್ತಿಗೆ ಮೂರು ಜನರ ಸೀಟಿನಲ್ಲಿ ನಾಲ್ವರಿರುತ್ತಾರೆ. ಐದನೆಯವರು ಬಂದು ಅಡ್ಜಸ್ಟ್ ಮಾಡ್ಕೊಳ್ಳಿ ಅಂದರೆ ಒತ್ತಿಕೊಂಡು ಕೂತ್ಕೊಳ್ಳಿ ಅಂತ. ಕೋಲಾರದ ಟೊಮೆಟೊ ಮಂಡಿಯಲ್ಲಿ 'ಹಳೇ ಬಾಕಿಗೆ ಅಡ್ಜಸ್ಟ್ ಆಯ್ತು' ಅಂದರೆ ರೈತನ ಕೈಗೆ ದುಡ್ಡು ಬರಲಿಲ್ಲ ಅಂತ. ಸಂಘದಲ್ಲಿ 'ಕಂತಿಗೆ ಇನ್ನೂರು ಅಡ್ಜಸ್ಟ್ ಮಾಡು' ಅಂದರೆ ಕೈಸಾಲ. ಟೈಲರ್ ರವಿಕೆ ಅಡ್ಜಸ್ಟ್ ಮಾಡುತ್ತಾನಲ್ಲ, ಅವನು ಬಟ್ಟೆಯನ್ನು ಮೈಗೆ ಹೊಂದಿಸುತ್ತಾನೆ, ಮೈಯನ್ನು ಬಟ್ಟೆಗಲ್ಲ. ಇಂಗ್ಲಿಷಿನವರಲ್ಲೂ ಮೊದಲು ಅಡ್ಜಸ್ಟ್ ಆಗುತ್ತಿದ್ದದ್ದು ಲೆಕ್ಕ, ವಸ್ತು ಇಂಥವೇ. ಮನುಷ್ಯ ತನ್ನನ್ನೇ ಹೊಂದಿಸಿಕೊಳ್ಳುವ ಅರ್ಥ ಆಮೇಲೆ ಬಂದದ್ದು.

ಈಗ ಮದುವೆಯ ಮಾತುಕತೆಗೆ ಬನ್ನಿ. 'ಒಂದು ಬೈಕು ಅಡ್ಜಸ್ಟ್ ಮಾಡಿ' ಅಂತ ಹೆಣ್ಣಿನ ಅಪ್ಪನಿಗೆ ಹೇಳುತ್ತಾರೆ. ಮದುವೆಯಾದ ಮೇಲೆ 'ಅಡ್ಜಸ್ಟ್ ಮಾಡ್ಕೋ' ಅಂತ ಹೆಣ್ಣಿಗೆ ಹೇಳುತ್ತಾರೆ. ಗಂಡಿಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ತೊಂಬತ್ತರ ದಶಕದಲ್ಲಿ ಶ್ರೀನಿವಾಸಪುರದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು ಮದುವೆಯಾದ ಆರು ತಿಂಗಳಿಗೆ ನನ್ನನ್ನು ಹುಡುಕಿಕೊಂಡು ಬಂದಳು. ಅವಳಪ್ಪ ಮಾವಿನ ಫಸಲನ್ನು ಹೂವಿನಲ್ಲೇ ಮಾರಿ ವರದಕ್ಷಿಣೆ ಕೊಟ್ಟಿದ್ದ. ಸಾಲದು ಅಂತ ಅತ್ತೆ ಮನೆಯಲ್ಲಿ ಹೊಡೆಯುತ್ತಿದ್ದರು. ಮುಂಗೈ ಮೇಲೆ ಬಳೆ ಒಡೆದ ಗಾಯ. ನಾನು ಪೇಪರ್ ತಿದ್ದುತ್ತಿದ್ದೆ. 'ಹೊಸತರಲ್ಲಿ ಹೀಗೇನೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೋಮ್ಮ' ಅಂದೆ. 'ಆಯ್ತು ಮೇಡಂ' ಅಂತ ಹೊರಟುಹೋದಳು. 1961ರ ವರದಕ್ಷಿಣೆ ನಿಷೇಧ ಕಾಯಿದೆಯೂ, 1983ರಲ್ಲಿ ಬಂದ 498ಎ ಕಲಮೂ ಆಗಲೇ ಇದ್ದವು. ನನಗೆ ಗೊತ್ತೂ ಇತ್ತು.

ಅವಳು ಬದುಕಿದ್ದಾಳೆ. ಅದು ಅವಳ ಅಜ್ಜಿಯ ಪುಣ್ಯ. ನಮ್ಮ ಕಡೆ ಮನೆಮಾತು ತೆಲುಗು ಅನ್ನುವವರು ಬಹಳ, ನಿಮಗೇ ಗೊತ್ತು. ಅಜ್ಜಿ ಅವಳ ಅತ್ತೆ ಮನೆಗೆ ಹೋಗಿ 'ಸರ್ದುಕೋ' ಅಂದಳಂತೆ. ತೆಲುಗಿನಲ್ಲಿ ಹೊಂದಿಕೋ ಅನ್ನುವುದಕ್ಕೂ ಅದೇ ಮಾತು, ಸಾಮಾನು ಕಟ್ಟಿಕೋ ಅನ್ನುವುದಕ್ಕೂ ಅದೇ ಮಾತು. ಬೀಗರು ಮೊದಲನೆಯದು ಅಂದುಕೊಂಡರು. ಅಜ್ಜಿ ಟ್ರಂಕು ಎಳೆದು ಮುಂದಿಟ್ಟಳು.

ಇವತ್ತಾದರೆ ಮನೆ ಬಿಟ್ಟೇ ಬರಬೇಕೆಂದಿಲ್ಲ. 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ, ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿ ಇರುವ ಹಕ್ಕು ಹೆಂಡತಿಗಿದೆ. ಹೊಡೆತ ಮಾತ್ರವಲ್ಲ, ಹೀನಾಯ ಬೈಗುಳ, ಖರ್ಚಿಗೆ ಕೊಡದೆ ಸತಾಯಿಸುವುದು, ಇವೂ ದೌರ್ಜನ್ಯವೇ. 498ಎ ಹೋಯಿತಂತೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿದೆ. 181ಕ್ಕೆ ಫೋನ್ ಮಾಡಬಹುದು. ತಾಲ್ಲೂಕಿನ ಸಿಡಿಪಿಓ ಅವರೇ ಸಂರಕ್ಷಣಾಧಿಕಾರಿ, ಅಲ್ಲಿಗೂ ಹೋಗಬಹುದು. ಒಬ್ಬಳನ್ನೇ ಕಳಿಸಬೇಡಿ, ಸಂಘದ ಇಬ್ಬರು ಜೊತೆಗೆ ಹೋಗಿ. ಆ ದಿನದ ಕೂಲಿ, ಬಸ್ ಚಾರ್ಜು ಬೇಕಾದರೆ ಸಂಘದ ಲೆಕ್ಕದಲ್ಲಿ ಅಡ್ಜಸ್ಟ್ ಮಾಡಿ.