ವಿಧವೆಯ ಎರಡು ನಾಣ್ಯ



ನಮ್ಮ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. ಇಲ್ಲಿ ಆಳಿದ ಅಮೋಘವರ್ಷ, ಪ್ರಜೆಗಳ ಆಪತ್ತು ಕಳೀಲಿ ಅಂತ ತನ್ನ ಎಡಗೈ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಕ್ರಿ.ಶ. 871ರ ಸಂಜಾನ ತಾಮ್ರಶಾಸನ ಹೇಳುತ್ತದೆ. ನಮ್ಮನ್ನು ಯಾರೂ ಬೆರಳು ಕೇಳೋದಿಲ್ಲ ಬಿಡ್ರಿ. ಆದರೆ ಕೊಡುವಾಗ ನಮಗೂ ಸ್ವಲ್ಪ ನೋಯಬೇಕು.

ಮಾರ್ಕನ ಶುಭಸಂದೇಶದ 12ನೇ ಅಧ್ಯಾಯ ನೋಡ್ರಿ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಶ್ರೀಮಂತರು ಬಹಳ ಹಾಕಿದರು. ಒಬ್ಬ ಬಡ ವಿಧವೆ ಹಾಕಿದ್ದು ಎರಡೇ ಚಿಕ್ಕ ನಾಣ್ಯ. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಆಕೆಯೇ ಎಂದರು ಯೇಸುಸ್ವಾಮಿ. ಯಾಕ್ರಿ? ಅವರು ಮಿಕ್ಕಿದ್ದರಲ್ಲಿ ಕೊಟ್ಟರು, ಆಕೆ ಹೊಟ್ಟೆಪಾಡಿಗೆ ಇದ್ದದ್ದನ್ನೇ ಕೊಟ್ಟಳು.

ನಮ್ಮ ಸಂಘದಾಗ ಇದು ಹೆಂಗ? ತೊಗರಿ ಬಿತ್ತನೆಗೆ ಸಾಲ ತಗೊಳ್ಳೋ ಸರದಿ ನಿಮ್ಮದು. ಅದೇ ವಾರ ಇನ್ನೊಬ್ಬ ಸದಸ್ಯೆಯ ಕೂಸು ಆಸ್ಪತ್ರೆಯಲ್ಲಿದೆ. ಬಿಟ್ಟುಕೊಟ್ಟರೆ ಬಿತ್ತನೆ ತಡವಾಗಬಹುದು. ಆದರೂ "ಮೊದಲು ಆಕಿಗೆ ಕೊಡ್ರಿ" ಅಂದರೆ ಅದೇ ಆ ಎರಡು ನಾಣ್ಯ.

ಎರಡು ಮಾತು ನೆನಪಿರಲಿ. ತ್ಯಾಗ ತಾನಾಗಿ ಬರಬೇಕು. ವಿಧವೆಯನ್ನು ಮೆಚ್ಚುವ ಮೊದಲೇ, ವಿಧವೆಯರ ಮನೆ ನುಂಗುವವರನ್ನು ಯೇಸುಸ್ವಾಮಿ ಖಂಡಿಸಿದ್ದಾರೆ. ಆದ್ದರಿಂದ ಬಡವಳನ್ನೇ ಒತ್ತಾಯಿಸಿ ಸರದಿ ಬಿಡಿಸಬೇಡಿ. ಇನ್ನೊಂದು, ನಿಮ್ಮ ಸರದಿ ನಿಮ್ಮದು, ಸಂಘದ ಹಣ ಎಲ್ಲರದು. ಸಭೆಯ ಒಪ್ಪಿಗೆ ಪಡೆದು ಠರಾವು ಪುಸ್ತಕದಲ್ಲಿ ಬರೆಯಿರಿ.

ಮುಂದಿನ ಸಭೆಯಲ್ಲಿ ಸಾಲದ ಪಟ್ಟಿ ಓದುವ ಮೊದಲು, ಯಾರ ಕಷ್ಟ ದೊಡ್ಡದು ಎಂದು ಒಮ್ಮೆ ಕೇಳಿರಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.