ಕಲಿಯುವವರಿಗೆ ಕೆಲಸ ಕೊಡುವ ಪಾಠ

ಈ ಕಲಿಕಾ ಸಾಮಗ್ರಿಗಳನ್ನು ಕೈಯಾರೆ ತಯಾರಿಸಿ ತಂದಿರುವ ಶಿಕ್ಷಕ ಬಂಧುಗಳೆ,

ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆಂದು ನೀವು ಸಿದ್ಧಪಡಿಸಿರುವ ಪಾಠಗಳ ಈ ಪ್ರದರ್ಶನದ ನಡುವೆ ನಿಂತು ಎನ್. ಎಸ್. ಪ್ರಭು ಅವರನ್ನು ನೆನೆಯದಿರಲಾರೆ. 1979ರಿಂದ 1984ರವರೆಗೆ ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು ಇಂಗ್ಲಿಷ್ ಕಲಿಸಿದರು. ಭಾಷಾಬೋಧನೆಯ ಲೋಕ ಅದನ್ನು ಇಂದಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತದೆ. ನಮ್ಮೂರಿನ ಹೆಸರು ಹೊತ್ತ ಈ ಪ್ರಯೋಗದ ಮಾತು ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಇನ್ನೂ ಹೆಚ್ಚಾಗಿ ಕೇಳಿಬರಬೇಕು.

ಅಲ್ಲಿ ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕಾಶೆಗಳು ಇರುತ್ತಿದ್ದವು. ಯಾವ ರೈಲು ಹಿಡಿದರೆ ಹೊತ್ತಿಗೆ ಸರಿಯಾಗಿ ತಲುಪಬಹುದು? ಮೇಷ್ಟ್ರು ಇಡೀ ತರಗತಿಯನ್ನು ಮಾತಾಡಿಸುತ್ತ ಒಂದು ಸಮಸ್ಯೆ ಬಿಡಿಸುವರು. ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ಉತ್ತರ ಸರಿ ಬಂದರೆ ಸಾಕು, ವಾಕ್ಯ ಮುಕ್ಕಾದರೂ ಅಡ್ಡಿಯಿಲ್ಲ. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಿಲುವು. ಬಹುಮಟ್ಟಿಗೆ ನನ್ನ ನಿಲುವೂ ಅದೇ.

ಆದರೆ ಕೆಲವು ರೂಪಗಳು ಕಿವಿಗೆ ಬಿದ್ದರೂ ಗಮನಕ್ಕೆ ಬರುವುದಿಲ್ಲ. ಇಂಗ್ಲಿಷ್ ವಾತಾವರಣದಲ್ಲಿ ಬೆಳೆದವರು, ಅನಿವಾಸಿ ಕನ್ನಡಿಗರ ಮಕ್ಕಳೂ ಸೇರಿದಂತೆ, ‘ನಾನು ಕಾಫಿ ಬೇಕು’ ಎನ್ನುವುದನ್ನು ನೀವೆಲ್ಲ ಕೇಳಿದ್ದೀರಿ. ದಯವಿಟ್ಟು ನಗಬೇಡಿ. ಕಲಿಯುವವರ ತಪ್ಪಿನೊಳಗೆ ಅವರು ತಾವೇ ಕಟ್ಟಿಕೊಂಡ ನಿಯಮವಿರುತ್ತದೆ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ತೋರಿಸಿಕೊಟ್ಟರು. ‘ನನಗೆ’ ಎನ್ನಬೇಕಾದಲ್ಲಿ ‘ನಾನು’ ಎನ್ನುವ ಈ ತಪ್ಪಿಗೆ ಚತುರ್ಥಿ ವಿಭಕ್ತಿಯ ಪಟ್ಟಿ ಬಾಯಿಪಾಠ ಮಾಡಿಸುವುದು ಮದ್ದಲ್ಲ.

ಹೀಗೆ ಮಾಡಬಹುದು. ದರ್ಶಿನಿಯೊಂದರ ಧ್ವನಿಮುದ್ರಣ ಕೇಳಿಸಿ. ಮನೆಮಂದಿಯೆಲ್ಲ ಸೇರಿ ತಿಂಡಿ ಹೇಳುತ್ತಿದ್ದಾರೆ: ‘ನನಗೆ ಎರಡು ಇಡ್ಲಿ ಸಾಕು’, ‘ಅಜ್ಜಿಗೆ ಖಾರ ಬೇಡ’, ‘ಇವನಿಗೆ ಮಸಾಲೆ ದೋಸೆ’. ಕಲಿಯುವವರ ಕೈಯಲ್ಲಿ ಚಿತ್ರದ ಚೀಟಿಗಳು. ಯಾರ ಮುಂದೆ ಯಾವ ತಟ್ಟೆ ಎಂದು ಜೋಡಿಸಬೇಕು. ಬಾಯಿ ಬಿಡುವ ಬಲವಂತವಿಲ್ಲ. ಆದರೆ ಯಾರಿಗೆ ಏನು ಬೇಕು, ಏನು ಬೇಡ ಎಂದು ಕೇಳಿಸಿಕೊಳ್ಳದೆ ಹೋದರೆ ಅಜ್ಜಿಯ ತಟ್ಟೆಗೆ ಖಾರ ಬೀಳುತ್ತದೆ! ಮಾತಾಡುವ ಸರದಿ ಆಮೇಲೆ. ಆ ಪಾಠದಲ್ಲಿ ‘ಹೋಗ್ತೀನಿ’, ‘ಕೊಡಿ’ ಇರಲಿ; ‘ಹೋಗುತ್ತೇನೆ’ ಓದಿನ ಹಂತಕ್ಕೆ ಬರಲಿ. ಪುಸ್ತಕದ ಕನ್ನಡ ಕಲಿತು ಬಸ್ಸು ಹತ್ತಿದವರಿಗೆ ಕಂಡಕ್ಟರ್ ಮಾತು ತಿಳಿಯದಿದ್ದರೆ ಆ ಕೊರತೆ ಪಾಠ ಬರೆದವರದು.

ಒಂದು ಕೋರಿಕೆ. ಪ್ರದರ್ಶನ ನೋಡಲು ಬರುವ ಕನ್ನಡೇತರರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಪಾಠ ಮಾಡಿ ನೋಡಿ. ಅವರು ತಡವರಿಸಿದ ಕಡೆಯಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ, ಆ ಸಾಲುಗಳನ್ನು ತಿದ್ದಿದ ಮೇಲೆಯೇ ಅಚ್ಚಿಗೆ ಕೊಡಿ.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ.